ಉಳಿದ ಕಿವಿ

ಮೊನ್ನೆ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಹೋಗಿದ್ದೆ. ಲ್ಯಾಬಿನಾಕೆ ಹತ್ತಿಗೆ ಸ್ಪಿರಿಟ್ ಹಾಕಿ ತೋಳು ಒರೆಸಿದ್ದೇ ತಡ, ಆ ವಾಸನೆಗೆ ಕಾಂಪೌಂಡರ್ ಮಾಮ ನೆನಪಾದರು. ನಲವತ್ತು ವರ್ಷದ ಮೇಲಾಯಿತು…

ಆಗ ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಅವರದು ಎದುರು ಮನೆ. ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಕೆಲಸ ಖಾಯಂ ಆಗುವ ಮೊದಲೇ ಕ್ಷಯ ಅಂಟಿಕೊಂಡಿತು. ರಜೆ ಹಾಕಿ ಮನೆಯಲ್ಲಿ ಕೂತೆ. ಮಾಮ ದಿನಾ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಬಂದು, ನಮ್ಮ ಸ್ಟೌ ಮೇಲೆ ಗಾಜಿನ ಸಿರಿಂಜು ಕುದಿಸಿ, ಸ್ಟ್ರೆಪ್ಟೋಮೈಸಿನ್ ಚುಚ್ಚುತ್ತಿದ್ದರು. ತಾಕತ್ತಿನ ಇಂಜೆಕ್ಷನ್ ಎಂದು ಅಮ್ಮ ವಠಾರದವರಿಗೆ ಹೇಳಿದ್ದಳು. ನಿಜ ಗೊತ್ತಾಗಿದ್ದರೆ ನಮ್ಮನ್ನು ನಲ್ಲಿಯ ಹತ್ತಿರವೂ ಸೇರಿಸುತ್ತಿರಲಿಲ್ಲ.

ಚುಚ್ಚುವ ಮುಂಚೆ ಅವರದೊಂದು ಕ್ರಮವಿತ್ತು. ನನ್ನ ಬೆನ್ನ ಹಿಂದೆ ನಿಂತು, ಕೈಗಡಿಯಾರ ಬಿಚ್ಚಿ, ಒಂದೊಂದೇ ಕಿವಿಯಿಂದ ಗೇಣು ದೂರ ಹಿಡಿದು “ಕೇಳಿಸ್ತೇನಮ್ಮ?” ಎನ್ನುವರು. ಈ ಔಷಧಿ ಕೆಲವರ ಕಿವಿ ತಿನ್ನುತ್ತದೆ ಎಂದು ಮೊದಲ ದಿನವೇ ಹೇಳಿದ್ದರು.

ತಿಂಗಳಾಗುತ್ತಲೇ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಇಂಜೆಕ್ಷನ್ ನಿಂತರೆ ಕಾಯಿಲೆ ತಿರುಗಿ ಬರುತ್ತದೆ, ರಜೆ ಬೆಳೆಯುತ್ತದೆ, ಕೆಲಸ ಹೋಗುತ್ತದೆ. ಕಿವಿ ಹೋದರೂ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ನಾನು ಮಹಾ ಜಾಣೆ, ಕಿವಿಯನ್ನೇ ಪಣಕ್ಕಿಟ್ಟೆ. ಅವರು ಕೇಳಿದಾಗಲೆಲ್ಲ “ಕೇಳಿಸ್ತು ಮಾಮ” ಎನ್ನುತ್ತಿದ್ದೆ.

ಒಂದು ದಿನ ಹಾಗೆಯೇ ಎಂದೆ. ಅವರು ಗಡಿಯಾರವನ್ನು ನನ್ನ ಮುಂದೆ ಹಿಡಿದರು. ಮುಳ್ಳು ನಿಂತಿತ್ತು.

“ಎರಡು ದಿನದಿಂದ ಇದಕ್ಕೆ ಕೀ ಕೊಟ್ಟಿಲ್ಲಮ್ಮ.”

ನಾಚಿಕೆಗಿಂತ ಸಿಟ್ಟು ಬಂತು. “ಇನ್ನು ಹದಿನೈದೇ ಇರೋದು, ಚುಚ್ಬಿಡಿ ಮಾಮ” ಎಂದೆ. ಅಮ್ಮನೂ ಗೋಗರೆದಳು. ಅವರು ಸಿರಿಂಜನ್ನು ಡಬ್ಬಿಗೆ ಹಾಕಿಕೊಂಡರು.

“ಎದೆಗೆ ಬೇರೆ ಮಾತ್ರೆ ಇದೆ. ಕಿವಿ ಹೋದ್ರೆ ನಾನೆಲ್ಲಿಂದ ತರ್ಲಿ?”

ಅವರೇ ಡಾಕ್ಟರಿಗೆ ಹೇಳಿ ಔಷಧಿ ಬದಲಾಯಿಸಿದರು. ಚಿಕಿತ್ಸೆ ವರ್ಷಕ್ಕೂ ಮೀರಿ ಎಳೆಯಿತು. ಆ ಕೋಪಕ್ಕೆ ಅವರೊಡನೆ ಮಾತು ಬಿಟ್ಟೆ. ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆ. ಎಂಥ ಮೂರ್ಖತನ… ಕಿವಿಯೊಳಗೆ ಕೂದಲಿನಂಥ ಸೂಕ್ಷ್ಮ ಜೀವಕೋಶಗಳಿರುತ್ತವೆ, ಸತ್ತರೆ ಮತ್ತೆ ಹುಟ್ಟುವುದಿಲ್ಲ ಎಂದು ಕಿವಿಯ ಡಾಕ್ಟರೊಬ್ಬರು ನನಗೆ ತಿಳಿಸಿ ಹೇಳಿದ್ದು ಎಷ್ಟೋ ಆಮೇಲೆ. ಎಡಗಿವಿ ಮಂದವಾಯಿತು. ಬಲಗಿವಿ ಉಳಿಯಿತು. ಕಾರ್ಖಾನೆಯವರು ಕಾದಿದ್ದರು, ಹೆಡ್‌ಫೋನನ್ನು ಬಲಕ್ಕೆ ತಿರುಗಿಸಿಕೊಂಡು ಮತ್ತೆ ಕೆಲಸಕ್ಕೆ ಕೂತೆ.

ಆಮೇಲೆ ನಾವು ಬಾಗಲಗುಂಟೆಗೆ ಮನೆ ಬದಲಿಸಿದೆವು. ಇವತ್ತು ಹೋಗಿ ಮಾತಾಡಿಸುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ವರ್ಷಗಳು ಕಳೆದವು. ಅಷ್ಟರಲ್ಲಿ ಅವರ ಮಗ ನಮ್ಮ ಕಾರ್ಖಾನೆಗೇ ಸೇರಿದ್ದ. ಒಂದು ಮಧ್ಯಾಹ್ನ ಅವನಿಗೆ ಹೊರಗಿನಿಂದ ಕರೆ ಬಂತು. ಲೈನಿನಲ್ಲಿ ಗರಗರ ಸದ್ದು. ಹೆಂಗಸಿನ ದನಿ ತೀರ ಸಣ್ಣಗಿತ್ತು.

“ಅವರಪ್ಪ ಹೋಗ್ಬಿಟ್ರು. ಬೇಗ ಕಳಿಸಿ.”

ಮತ್ತೊಮ್ಮೆ ಹೇಳಿ ಎಂದು ನಾನು ಕೇಳಬೇಕಾಗಲಿಲ್ಲ.

ಈಗ ನಿವೃತ್ತಳಾಗಿದ್ದೇನೆ. ಮೊಮ್ಮಗಳು ಗುಟ್ಟು ಹೇಳಲು ಬಲಗಡೆಗೇ ಬರುತ್ತಾಳೆ. ಆ ಕಿವಿ ಉಳಿಸಿಕೊಟ್ಟವರನ್ನು ಆಮೇಲೆ ಒಂದು ಸಲವೂ ಮಾತಾಡಿಸಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.