ಆಂಟಿಬಾಡಿ ಹಾಕದ ಹಾಳೆ

ದೆವ್ವ, ಶಕುನ, ಪವಾಡ ಯಾವುದನ್ನೂ ನಾನು ನಂಬಿದವಳಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ ಅಡ್ಡಪ್ರಶ್ನೆ ಹಾಕಿ ಮಜಾ ಕೆಡಿಸುವುದೇ ನನ್ನ ಕೆಲಸ. ಈಗಲೂ ಅಷ್ಟೇ. ಆದರೆ ಒಂದು ಮಧ್ಯಾಹ್ನದ ಬಗ್ಗೆ ನನಗೇ ಯಾರಾದರೂ ಅಡ್ಡಪ್ರಶ್ನೆ ಹಾಕಿದರೆ ಉತ್ತರವಿಲ್ಲ.

ತೊಂಬತ್ತರ ದಶಕದ ಕೊನೆ. ಬಸವನಗುಡಿಯ ಪುಟ್ಟ ಪ್ರಯೋಗಾಲಯವೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮ ಮೈಯ ಜೀವಕೋಶಗಳು ಕೆಟ್ಟಾಗ ತಾವಾಗಿಯೇ ಸಾಯುವ ಏರ್ಪಾಡೊಂದಿದೆ. ಅದನ್ನು ನಡೆಸುವ ಒಂದು ಪ್ರೋಟೀನನ್ನು ನಾನು ತೋರಿಸಬೇಕಿತ್ತು. ಅದಕ್ಕೆ ಆಂಟಿಬಾಡಿ ಬೇಕು. ಆಂಟಿಬಾಡಿ ಸಾವಿರಾರು ಪ್ರೋಟೀನುಗಳಲ್ಲಿ ನಮಗೆ ಬೇಕಾದ ಅದೊಂದನ್ನೇ ಹುಡುಕಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಪರದೇಶದಿಂದ ಬಂದ ಒಂದೇ ಒಂದು ಸೀಸೆ ನಮ್ಮ ಫ್ರೀಜರಿನಲ್ಲಿತ್ತು; ಬೆಚ್ಚಗಾದರೆ ಅದು ಕೆಡುತ್ತದೆ. ಆ ಗೆರೆ ಸಿಕ್ಕರೆ ಥೀಸಿಸ್ ಮುಗಿಯುತ್ತಿತ್ತು. ಫೆಲೋಶಿಪ್ಪಿನ ಅವಧಿಯೂ ಮುಗಿಯುತ್ತ ಬಂದಿತ್ತು.

ಆಯುಧಪೂಜೆಗೆ ನನ್ನ ಗೈಡ್ ಮೇಡಂ ತಾವೇ ಯಂತ್ರಗಳನ್ನೆಲ್ಲ ಒರೆಸಿ, ಅರಿಸಿನ ಕುಂಕುಮ ಇಟ್ಟು, ಚೆಂಡುಹೂ ಮುಡಿಸಿ, ಅವಕ್ಕೂ ವಿಶ್ರಾಂತಿ ಇರಲಿ ಎಂದು ಸ್ವಿಚ್ಚುಗಳನ್ನು ಆರಿಸಿದರು. ಆ ಭರದಲ್ಲಿ ಫ್ರೀಜರ್ ಕೂಡ ಆರಿಹೋಯಿತು. ಹಬ್ಬ ಮುಗಿಸಿ ಬಂದಾಗ ಅದರ ಕೆಳಗೆ ನೀರು ನಿಂತಿತ್ತು, ಸೀಸೆ ಬೆಚ್ಚಗಿತ್ತು. ಮೇಡಂ ಸ್ಟೂಲಿನ ಮೇಲೆ ಕುಸಿದು ಕೂತರು.

"ನಿನ್ನ ಥೀಸಿಸ್ ನಾನೇ ಹಾಳ್ಮಾಡ್ಬಿಟ್ಟೆ ಕಣೇ."

"ಇರ್ಲಿ ಬಿಡಿ ಮೇಡಂ, ಹಾಕಿ ನೋಡೋಣ," ಎಂದೆ.

ಆರೋಗ್ಯವಾಗಿದ್ದ ಕೋಶಗಳ ಮತ್ತು ಸಾಯುತ್ತಿದ್ದ ಕೋಶಗಳ ಪ್ರೋಟೀನನ್ನು ಅಕ್ಕಪಕ್ಕ ಹತ್ತಿಸಿದ ಎರಡು ತೆಳು ಹಾಳೆ ತೆಗೆದುಕೊಂಡೆ. ಒಂದಕ್ಕೆ ಆಂಟಿಬಾಡಿ. ಹೋಲಿಕೆಗೆಂದು ಇನ್ನೊಂದಕ್ಕೆ ಬರೀ ಹಾಲುಪುಡಿ ಕದಡಿದ ನೀರು; ಅದರಲ್ಲಿ ಗೆರೆ ಬರುವಂತಿಲ್ಲ. ಗುರುತಿಗೆ ಅದರ ಮೂಲೆ ಕತ್ತರಿಸಿದ್ದೆ. ಅದನ್ನು ನೆನೆಸಿ ಮುಚ್ಚಿಟ್ಟ ಮೇಲೆಯೇ ನಾನು ಸೀಸೆ ತೆರೆದದ್ದು. ಮಧ್ಯಾಹ್ನ ಕತ್ತಲಕೋಣೆಯ ಕೆಂಪು ದೀಪದಲ್ಲಿ, ಹಾಳೆಗಳ ಮೇಲೆ ಒತ್ತಿಟ್ಟಿದ್ದ ಫಿಲ್ಮ್‌ಗಳನ್ನು ತೊಳೆದೆವು. ಆಂಟಿಬಾಡಿ ಹಾಕಿದ ಹಾಳೆಯ ಫಿಲ್ಮ್ ಖಾಲಿ. ಮೂಲೆ ಕತ್ತರಿಸಿದ ಹಾಳೆಯ ಫಿಲ್ಮಿನಲ್ಲಿ ಗೆರೆ ಮೂಡಿತ್ತು. ಅದೂ ಸಾಯುತ್ತಿದ್ದ ಕೋಶಗಳ ಪ್ರೋಟೀನ್ ಇದ್ದ ಕಡೆ ಮಾತ್ರ, ಸರಿಯಾಗಿ ಇರಬೇಕಾದ ಜಾಗದಲ್ಲಿ. ಸುಳ್ಳೇಕೆ, ನನಗೆ ಭಯವಾಯಿತು.

"ಅದ್ಲು ಬದ್ಲಾಗಿರತ್ತೆ," ಎಂದರು ಮೇಡಂ, ಮುಖ ಅರಳಿಸಿಕೊಂಡು. "ಆಂಟಿಬಾಡಿ ಇನ್ನೂ ಚೆನ್ನಾಗೇ ಇದೆ. ಇದನ್ನೇ ಥೀಸಿಸ್‌ಗೆ ಹಾಕು."

"ಆಗಿಲ್ಲ ಮೇಡಂ. ನಂಗೊತ್ತು."

ಮತ್ತೆ ಮತ್ತೆ ಮಾಡಿ ನೋಡಿದೆ. ಆಮೇಲೆ ಯಾವ ಹಾಳೆಯಲ್ಲೂ ಏನೂ ಬರಲಿಲ್ಲ. ಹಾಗಾಗಿ ಆ ಫಿಲ್ಮನ್ನು ನಾನು ಬಳಸಲಿಲ್ಲ. ಫೆಲೋಶಿಪ್ ನಿಂತಿತು. ಹನುಮಂತನಗರದಲ್ಲಿ ಮನೆಪಾಠ ಹೇಳಿಕೊಂಡು ಒಂದು ವರ್ಷ ತಳ್ಳಿದೆ. ಹೊಸ ಸೀಸೆ ಬಂದ ಮೇಲೆ ಕೆಲಸ ಸಲೀಸಾಗಿ ಮುಗಿಯಿತು.

ಮೇಡಂ ನಿವೃತ್ತರಾದ ಮೇಲೆ ಒಮ್ಮೆ ನೋಡಲು ಹೋಗಿದ್ದೆ. ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು.

"ಅವತ್ತು ಅದ್ಲು ಬದ್ಲಾಗಿತ್ತು ಅಂತ ಒಪ್ಕೊಂಡ್ಬಿಡೇ. ಸೀಸೆ ನಾನು ಕೆಡಿಸಿರ್ಲಿಲ್ಲ ಅಂತಾಗತ್ತೆ, ನಿನ್ನ ಒಂದು ವರ್ಷ ನಾನು ತಿಂದಾಕಿದೆ ಅನ್ನೋ ಸಂಕಟ ಹೋಗತ್ತೆ."

ಒಪ್ಪಿಬಿಡಬಹುದಿತ್ತು. ಅವರೆಂದರೆ ನನಗೆ ಅಷ್ಟು ಪ್ರೀತಿ. ಆದರೆ ಬಾಯಿ ಬರಲಿಲ್ಲ.

"ಇಲ್ಲ ಮೇಡಂ. ಆ ಹಾಳೆ ನೆನೆಸಿಟ್ಟಾಗ ಸೀಸೆ ಇನ್ನೂ ಮುಚ್ಚೇ ಇತ್ತು."

ಅವರು ಕಾಫಿ ಲೋಟ ಕೆಳಗಿಟ್ಟರು.

"ಹಾಗಾದ್ರೆ ಆ ಗೆರೆ ಎಲ್ಲಿಂದ ಬಂತೇ?"

"ಗೊತ್ತಿಲ್ಲ ಮೇಡಂ," ಎಂದೆ. ಅವರ ಮುಂದೆ ಆ ಮಾತು ಆಡಿದ್ದು ಅದೇ ಮೊದಲು.