ಜಾಕೀಟಿಗೆ ಕಚ್ಚೆ

ಗಣೇಶಗುಡಿಯ ಆ ರೆಸಾರ್ಟಿನ ಬಾಗಿಲ ಬಳಿ ತೂಗುಹಾಕಿದ್ದ ನನ್ನ ಫೋಟೋ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಕಾಳಿ ನದಿಯಲ್ಲಿ, ಉದ್ದನೆಯ ಹಲಗೆಯೊಂದರ ಮೇಲೆ, ಕೈಯಲ್ಲಿ ಹುಟ್ಟು ಹಿಡಿದು ನೆಟ್ಟಗೆ ನಿಂತಿದ್ದೇನೆ. ನಗುತ್ತಲೂ ಇದ್ದೇನೆ. ಆ ನಗುವಿಗೇ ಒಂದು ಬಾರಿಸಬೇಕು ಅನ್ನಿಸುತ್ತದೆ.

ನಾನು ಅಲ್ಲಿ ಅಡುಗೆಯವಳಾಗಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ರಾಫ್ಟಿಂಗಿಗೆ ಬರುವ ಜನ ಹೆಚ್ಚಾದದ್ದು ಕಂಡು ಮಾಲೀಕರು ಎಲ್ಲಿಂದಲೋ ಎರಡು ಪ್ಯಾಡಲ್ ಬೋರ್ಡ್ ತರಿಸಿದರು. ನಿಂತುಕೊಂಡೇ ಹುಟ್ಟು ಹಾಕುವ ಹಲಗೆ ಅದು. ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ. ಕೆಲಸದವರನ್ನೆಲ್ಲ ಸೇರಿಸಿ ಅವರು ಆಡಿದ ಮಾತು ನನಗೆ ಚೆನ್ನಾಗಿ ನೆನಪಿದೆ. ಚಹಾ ಕೊಡುತ್ತ ನಾನೂ ಅಲ್ಲೇ ಇದ್ದೆ.

"ಯಾರ ಮದಲ ಇದರ ಮ್ಯಾಲ ನಿಂತು ಹೋಗೂದು ಕಲೀತಾರೋ, ಬಂದ ಮಂದಿಗೆ ಅವರ ಕಲಸಲಿ. ಇನ್ನ ಮ್ಯಾಲ ಅವರಿಗೆ ಅದ ಕೆಲಸ."

ಯಾರು ಎಂದರೆ ಯಾರಾದರೂ ಎಂದು ನಾನು ತಿಳಿದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ನನಗೆ ಸಾಕಾಗಿತ್ತು. ಆ ಕೆಲಸ ನನಗೆ ಬೇಕಿತ್ತು.

ರಾಫ್ಟ್ ನಡೆಸುವ ಗಂಡಸರು ನಾಲ್ಕು ದಿನ ಬಿದ್ದರು, ಎದ್ದರು, ಇದರಾಗ ಏನೂ ಮಜಾ ಇಲ್ಲ ಎಂದು ಕೈಬಿಟ್ಟರು. ಹಲಗೆಗಳು ಅಡುಗೆಮನೆಯ ಹಿಂದೆ ಬಂದು ಬಿದ್ದವು. ಅವುಗಳ ಮೇಲೆ ನಾನು ಸಂಡಿಗೆ ಒಣಗಿಸಿದೆ. ಆಮೇಲೆ ಒಂದು ಮಧ್ಯಾಹ್ನ, ಊಟ ಬಡಿಸಿದ ಮೇಲೆ, ಸಂಡಿಗೆ ತೆಗೆದಿಟ್ಟು ಒಂದು ಹಲಗೆಯನ್ನು ತಲೆಯ ಮೇಲೆ ಹೊತ್ತು, ನೀರು ಹರಿಯದೆ ನಿಂತಿರುವ ಮಡುವಿಗೆ ಹೋದೆ. ನಮ್ಮೂರು ಇಂದೂರದ ಕೆರೆಯಲ್ಲಿ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು ನಾನು. ನೀರಿನ ಹೆದರಿಕೆ ಇರಲಿಲ್ಲ.

ಹುಟ್ಟು ಮಾತ್ರ ನನ್ನ ಮಾತು ಕೇಳಲಿಲ್ಲ. ಅದರ ಅಗಲವಾದ ತುದಿ ಕೋಲಿಗೆ ನೇರವಾಗಿರದೆ ಸ್ವಲ್ಪ ಓರೆಯಾಗಿತ್ತು. ಗುದ್ದಲಿ ಹಿಡಿದು ರೂಢಿಯಾದ ಕೈ, ಓರೆಯನ್ನು ನನ್ನ ಕಡೆಗೇ ತಿರುಗಿಸಿ ಎಳೆದೆ. ನೀರು ಮೇಲೆದ್ದಿತೇ ಹೊರತು ಹಲಗೆ ಮುಂದೆ ಹೋಗಲಿಲ್ಲ. ಸಿಟ್ಟು ಬಂದು ಅದನ್ನು ತಿರುವಿ ಹಿಡಿದೆ. ಹಲಗೆ ಸರಕ್ಕನೆ ಸರಿಯಿತು, ನಾನು ಹಿಂದಕ್ಕೆ ನೀರಿಗೆ ಬಿದ್ದೆ.

ಆಗ ನನಗೆ ಜಾಕೀಟಿನ ಹಣೆಬರಹ ತಿಳಿಯಿತು. ಸ್ಟೋರಿನಲ್ಲಿದ್ದ ಲೈಫ್ ಜಾಕೀಟುಗಳೆಲ್ಲ ಆಳೆತ್ತರದ ಗಂಡಸರ ಅಳತೆಯವು. ಕೊಳ್ಳುವಾಗ ಮಾಲೀಕರು ತಾವೇ ಹಾಕಿ ನೋಡಿದ್ದರು, ಅಷ್ಟೇ. ನಾನು ಬಿದ್ದೊಡನೆ ಅದು ಕಿವಿಯ ತನಕ ಮೇಲೇರಿ ನನ್ನ ಮೂಗುಬಾಯಿ ಮುಚ್ಚಿತು. ಜಾಕೀಟು ತೇಲಿತು, ನಾನು ಮುಳುಗಿದೆ. ಹೊಟ್ಟೆ ತುಂಬ ನೀರು ಕುಡಿದು ದಡ ಹತ್ತಿ, ಒದ್ದೆ ಸೀರೆಯಲ್ಲೇ ಮಾಲೀಕರ ಮುಂದೆ ಹೋಗಿ ನಿಂತೆ.

"ನನ್ನ ಅಳತೀದೊಂದು ಜಾಕೀಟ್ ತರಸ್ರಿ ಸಾವ್ಕಾರ್ರ."

"ಒಲಿ ಮುಂದ ಕುಂಡ್ರಾಕ ಜಾಕೀಟ್ ಯಾಕ ಬೇಕ್ರಿ ಅಕ್ಕಾರ?" ಎಂದರು. ಅಲ್ಲಿದ್ದವರೆಲ್ಲ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು.

ನಮ್ಮೂರಲ್ಲಿ ಭತ್ತದ ನಾಟಿಗೆ ಇಳಿಯುವ ಹೆಂಗಸರು ಸೀರೆಯನ್ನು ಬಿಗಿಯಾಗಿ ಕಚ್ಚೆ ಹಾಕುತ್ತಾರೆ, ಕೆಸರು ಎಷ್ಟು ಎಳೆದರೂ ಅದು ಅಲುಗುವುದಿಲ್ಲ. ಮರುದಿನ ನಾನೂ ಸೀರೆಗೆ ಕಚ್ಚೆ ಹಾಕಿದೆ, ಜಾಕೀಟಿಗೂ ಹಾಕಿದೆ. ಅದರ ಬೆನ್ನಿನ ಅಂಚಿಗೆ ಪಟ್ಟಿಯೊಂದನ್ನು ಕಟ್ಟಿ, ಕಾಲಿನ ನಡುವಿಂದ ತಂದು ಮುಂದೆ ಬಿಗಿದೆ. ಬೇಕೆಂದೇ ನೀರಿಗೆ ಬಿದ್ದೆ. ಜಾಕೀಟು ಒಂದು ಬೆರಳೂ ಮೇಲೇಳಲಿಲ್ಲ. "ಅಕ್ಕ ಜಾಕೀಟಿಗೆ ಕಚ್ಚಿ ಹಾಕ್ಯಾಳ ನೋಡ್ರೋ" ಎಂದು ರಾಫ್ಟಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ ಎಂದು ಬಿಟ್ಟೆ. ದೀಪಾವಳಿಯ ಹೊತ್ತಿಗೆ ಮಡುವಿನ ಆ ದಡದಿಂದ ಈ ದಡಕ್ಕೆ ನಿಂತೇ ಬರುತ್ತಿದ್ದೆ.

ಮಾಲೀಕರು ಒಂದು ದಿನ ಬಂದು ನೋಡಿ, "ಭೇಷ್ ಅಕ್ಕಾರ" ಎಂದು ಕ್ಯಾಮೆರಾ ತರಿಸಿದರು. "ಜಾಕೀಟಿನ ಆ ಕಚ್ಚಿಯೊಂದು ಬಿಚ್ರಿ, ಫೋಟೋದಾಗ ಚಂದ ಕಾಣಂಗಿಲ್ಲ" ಎಂದರು. ಕೆಲಸ ನನ್ನದಾಯಿತು ಎಂಬ ಖುಷಿಯಲ್ಲಿ ಬಿಚ್ಚಿದೆ. ನಕ್ಕೆ.

ಮರುವಾರ ಹಲಗೆಯ ಕೆಲಸ ಸಿಕ್ಕಿದ್ದು ರಾಫ್ಟಿನವನೊಬ್ಬನಿಗೆ. ಹಲಗೆಯ ಮೇಲೆ ನಿಂತರೆ ಅವನ ಕಾಲುಗಳು ಗಡಗಡ ನಡುಗುತ್ತಿದ್ದವು. ಕೇಳಿದ್ದಕ್ಕೆ ಮಾಲೀಕರು ಅದೇ ಸಕ್ಕರೆಯಂಥ ದನಿಯಲ್ಲಿ, "ಹೆಣ್ಮಗಳ ಕೈಯಾಗ ಜೀವಾ ಕೊಡಾಕ ಮಂದಿ ಒಪ್ಪೂದಿಲ್ರಿ ಅಕ್ಕಾರ" ಎಂದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಫೋಟೋ ಮಾತ್ರ ಕಟ್ಟು ಹಾಕಿಸಿಕೊಂಡು ಬಾಗಿಲಿಗೆ ಬಂತು. ಅದರ ಕೆಳಗೇ ನಾನು ದಿನಾ ಚಹಾದ ತಟ್ಟೆ ಹಿಡಿದು ಓಡಾಡಬೇಕಿತ್ತು.

ಹುಬ್ಬಳ್ಳಿಯಿಂದ ಒಮ್ಮೆ ನಾಲ್ವರು ಹೆಂಗಸರು ಬಂದರು. ಅವರಲ್ಲಿ ಹಿರಿಯರು ಫೋಟೋ ನೋಡಿ, "ಇವರ ಕಲಸ್ತಾರೇನ್ರಿ? ಹಂಗಾದ್ರ ನಾವೂ ನೀರಿಗಿಳೀತೇವಿ" ಎಂದರು.

"ಅಕಿ ರಜಾದ ಮ್ಯಾಲ ಅದಾಳ್ರಿ" ಎಂದರು ಮಾಲೀಕರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನನ್ನ ತಟ್ಟೆಯಿಂದ ಕಪ್ಪು ಎತ್ತಿಕೊಳ್ಳುತ್ತಲೇ ಆ ಮಾತು ಹೇಳಿದರು.

ತಟ್ಟೆಯನ್ನು ಅವರ ಮೇಜಿನ ಮೇಲೆ ಇಟ್ಟೆ. "ರಜಾ ಮುಗೀತ್ರಿ ಸಾವ್ಕಾರ್ರ" ಎಂದೆ. "ಬರ್ರಿ ಅಕ್ಕಾರ, ಹೋಗೂಣು."

ನಾಲ್ವರೂ ನನ್ನ ಹಿಂದೆಯೇ ಎದ್ದು ಬಂದರು. ಸ್ಟೋರಿನ ಬಾಗಿಲು ತೆಗೆದು ಒಬ್ಬೊಬ್ಬರಿಗೂ ಜಾಕೀಟು ತೊಡಿಸಿದೆ, ಹೆಗಲು ಹಿಡಿದು ಮೇಲಕ್ಕೆ ಜಗ್ಗಿ ನೋಡಿದೆ. ನಾಲ್ಕೂ ಕಿವಿಗೆ ಬಂದವು. ನಾಲ್ಕಕ್ಕೂ ಕಚ್ಚೆ ಹಾಕಿದೆ. ಇಳಿಹೊತ್ತಿನ ತನಕ ನಾವು ಮಡುವಿನಲ್ಲಿದ್ದೆವು. ಅವತ್ತು ರೊಟ್ಟಿ ಯಾರು ಬಡಿದರೋ, ನಾನು ಕೇಳಲಿಲ್ಲ.