ಗದ್ದೆಗೊಂದು ಹೆಪ್ಪು

ಊಟಕ್ಕೆ ಮೊದಲು ಮೂರು ಸಲ ಕೈ ತೊಳೆಯುವ ನನ್ನ ಚಟವನ್ನು ಕಂಡು, ಚರ್ಮವಾದರೂ ಉಳಿಯಲಿ ಎಂದು ಮನೆಯಾಕೆ ಗೊಣಗುವುದುಂಟು. ಕಣ್ಣಿಗೆ ಕಾಣದ ಕ್ರಿಮಿಗಳೆಂದರೆ ನನಗೆ ಜನ್ಮವೈರ; ಕಾಲರಾ ಹಾವಳಿಯ ದಿನಗಳಿಂದ ಬ್ಲೀಚಿಂಗ್ ಪುಡಿಯ ಪೊಟ್ಟಣವಿಲ್ಲದೆ ನಾನು ಹೊಸ್ತಿಲು ದಾಟಿದವನಲ್ಲ. ಇಂಥ ಶುಚಿರ್ಭೂತನ ಕೈಗೇ ಕೃಷಿ ಇಲಾಖೆಯವರು ಒಂದು ಬಾಟಲಿ ಜೀವಂತ ಕ್ರಿಮಿಗಳನ್ನಿತ್ತು ಭತ್ತದ ಗದ್ದೆಯಲ್ಲಿ ಪ್ರಯೋಗಿಸಿ ಬಾ ಎಂದು ಕಳಿಸಿದರು. ವಿಧಿಯ ವಿನೋದಕ್ಕೆ ಬೇರೆ ನಿದರ್ಶನ ಬೇಕೇ, ಮಹಾಶಯರೇ?

ಐವತ್ತರ ದಶಕದ ಕೊನೆಯ ವರ್ಷಗಳು. ಕಾಲುವೆಯ ನೀರು ಆದೋನಿಯ ಕಡೆ ಹೊಸದಾಗಿ ಹರಿದು, ಜೋಳ ಹತ್ತಿಗಳನ್ನಷ್ಟೇ ಬಲ್ಲ ಪೆದ್ದಹರಿವಾಣಂ ಹಳ್ಳಿಯ ಕರಿನೆಲಕ್ಕೂ ಭತ್ತದ ಆಸೆ ಹುಟ್ಟಿತ್ತು. ಅಲ್ಲಿನ ರೈತಾಪಿ ಹೆಂಗಸು ಹನುಮವ್ವ ನೆಟ್ಟ ಮೊದಲ ಪೈರು ಬೇರು ಕೊಳೆತು ಹೋಗಿತ್ತು. ಈ ಸಲವೂ ಹೋದರೆ ಭತ್ತದ ಮಾತೇ ಬೇಡವೆಂದು ಗಂಡ ಹಟ ಹಿಡಿದಿದ್ದ. ಮಣ್ಣಿನ ಈ ಸೂಕ್ಷ್ಮಾಣುಗಳು ಬೇರಿಗೆ ಬಲ, ರೋಗಕ್ಕೆ ತಡೆ ಎಂದು ಉಪನ್ಯಾಸ ಬಿಗಿದು ಅರ್ಧ ಗದ್ದೆಯನ್ನು ಬೇಡಿ ಪಡೆದೆ. ಸಸಿಗಳ ಬೇರು ಅದ್ದುವ ನೀರು ಶುದ್ಧವಾಗಿರಲೆಂದು, ಅಭ್ಯಾಸಬಲದಿಂದ, ಬ್ಲೀಚಿಂಗ್ ಪುಡಿ ಹಾಕಿ ಕಲಕಿ, ಆಮೇಲೆ ಬಾಟಲಿ ಬಗ್ಗಿಸಿದೆ.

ಉಳಿದರ್ಧಕ್ಕೆ ಹನುಮವ್ವ ತನ್ನ ತವರು ಬೆಳಗಲ್ಲಿನ ಹಳೆಯ ಗದ್ದೆಯಿಂದ ಗಡಿಗೆ ತುಂಬ ಕೆಸರು ತಂದು, ಕದಡಿ, ಅದರಲ್ಲೇ ಬೇರು ಅದ್ದಿ ನೆಟ್ಟಳು. ನಾನು ಮೂಗು ಮುರಿದೆ.

"ಹಾಲಿಗೆ ಹೆಪ್ಪು ಬೇಕಂದ್ರ ಹೊಲಕ್ಕ ಬ್ಯಾಡೇನ್ರಿ?" ಎಂದಳು.

ತಿಂಗಳು ಕಳೆಯುವಷ್ಟರಲ್ಲಿ ಅವಳರ್ಧ ಹಸುರಾಗಿ ನಿಂತಿತು. ನನ್ನರ್ಧ ಹಳದಿಗೆ ತಿರುಗಿ ಬೇರು ಕೊಳೆಯಿತು. ಬದುವಿನ ಮೇಲೆ ಕುಳಿತು, ಈ ಬಾಟಲಿಯಿಂದ ಉಪಯೋಗವಿಲ್ಲವೆಂದು ವರದಿ ಬರೆಯಲು ಲೇಖನಿಗಾಗಿ ಜೇಬಿಗೆ ಕೈ ಹಾಕಿದರೆ ಸಿಕ್ಕಿದ್ದು ಆ ಪುಡಿಯ ಪೊಟ್ಟಣ. ಕ್ರಿಮಿ ಕೊಲ್ಲುವ ಪುಡಿಯ ನೀರಿಗೇ ನಾನು ಕ್ರಿಮಿಗಳನ್ನು ಸುರಿದಿದ್ದೆ! ನಂಬಿ ಅರ್ಧ ಗದ್ದೆ ಕೊಟ್ಟವಳ ಮುಂದೆ ತಲೆ ತಗ್ಗಿಸಿ ನಿಜ ಹೇಳಿದೆ.

"ಅಯ್ಯ, ಕುದಿಯೋ ಹಾಲಿಗೆ ಹೆಪ್ಪು ಹಾಕೀರಲ್ರಿ ಸಾಹೇಬ್ರ!" ಎಂದು ನಕ್ಕಳು. ಆಮೇಲೆ ಬಗ್ಗಿ, ಸತ್ತ ಪೈರಿನ ಒಂದು ಬುಡ ಕಿತ್ತು, ಕೊಳೆತ ಬೇರನ್ನು ಬೆರಳಲ್ಲಿ ಸವರಿದಳು. ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಹಸುರು ಭಾಗವನ್ನೇ ನೋಡುತ್ತಿದ್ದ ಗಂಡ ಮೆಲ್ಲಗೆ, "ಬರೋ ವರ್ಷಾನೂ ಭತ್ತಾನ ಹಚ್ಚೋಣು" ಎಂದ.

"ಹಂಗಾದ್ರ ಸಾಹೇಬ್ರ, ಇನ್ನೊಂದ್ ಬಾಟ್ಲಿ ತರ್ರಿ. ಕಲಸಾಕಿ ಮಾತ್ರ ನಾನು" ಎಂದಳು ಹನುಮವ್ವ.

ಕ್ರಿಮಿಗಳನ್ನು ಕೊಂದವನು ನಾನೇ ಎಂದು ವರದಿಯಲ್ಲಿ ಬರೆದು, ಬೈಸಿಕೊಂಡು, ಇನ್ನೊಂದು ಬಾಟಲಿ ತಂದೆ. ಮರುವರ್ಷ ಅವಳು ಕಲಸಿದಳು, ನಾನು ಮೊಣಕೈವರೆಗೆ ಕೆಸರಾಗಿ ಸಸಿ ಅದ್ದಿಕೊಟ್ಟೆ. ಸುಗ್ಗಿಯಾದ ಮೇಲೆ ಕರೆದು ಹೊಸ ಅಕ್ಕಿಯ ಅನ್ನ ಬಡಿಸಿದಳು. ಅಂದು ಕೊಯ್ದ ಪೈರಿನ ಬುಡವೊಂದನ್ನು ಕಿತ್ತು ಬೇರು ಗಟ್ಟಿಯಾಗಿರುವುದನ್ನು ನೋಡಿ, ಗದ್ದೆಯ ಬದುವಿನಲ್ಲಿ ಒಂದೇ ಸಲ ಕೈ ತೊಳೆದು ಕುಳಿತೆ. ಉಗುರಿನ ಸಂದಿಯಲ್ಲಿ ಉಳಿದ ಮಣ್ಣನ್ನು ಕಂಡೂ, ಇರಲಿ ಬಿಡು ಎಂದುಕೊಂಡೆ.